ಬೆಳಗಿನ ಜಾವ ತರಕಾರಿ ಹೆಚ್ಚುತ್ತಿದ್ದ ಮಹರ್ಷಿ



ಮಾಲೆ ಹಾಕಿದ 41 ದಿನ ಮನಸ್ಸು ಒಂದು ಹದದಲ್ಲಿರುತ್ತದೆ. ಬೆಳಿಗ್ಗೆ ತಣ್ಣೀರ ಸ್ನಾನ, ಎರಡು ಹೊತ್ತು ಶರಣು ಘೋಷ, ಎದುರಿಗೆ ಸಿಕ್ಕವರೆಲ್ಲ ಸ್ವಾಮಿಗಳೇ. ಸಿಟ್ಟು ಬಂದರೂ ಕೊರಳಿನ ಮಾಲೆ ನೆನಪಾಗಿ ಮಾತು ಅಲ್ಲೇ ನಿಲ್ಲುತ್ತದೆ. ಮಲೆ ಇಳಿದು ಬಂದು ಮಾಲೆ ತೆಗೆದ ಮೂರನೆಯ ದಿನವೇ, ದಾದರ್ ಸ್ಟೇಷನ್ನಿನ ನೂಕುನುಗ್ಗಲಿನಲ್ಲೋ ಹೈದರಾಬಾದಿನ ಆಫೀಸಿನಲ್ಲೋ, ಆ ಹದ ಎಲ್ಲಿ ಹೋಯಿತು ಎಂದು ನಮ್ಮ ಹುಡುಗರು ಪ್ರತಿ ವರ್ಷ ಕೇಳುತ್ತಾರೆ. ಕನ್ನಿಸ್ವಾಮಿಗಳಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲಸ ಬಿಟ್ಟು ಯಾವುದಾದರೂ ಬೆಟ್ಟದಲ್ಲಿ ಹೋಗಿ ಕುಳಿತರೆ ಮಾತ್ರ ಶಾಂತಿ ಸಿಗುತ್ತದೇನೋ ಎನ್ನುತ್ತಾರೆ.

ಹಾಗಾಗಿ ಈ ಸಲ, ನಿಜಕ್ಕೂ ಬೆಟ್ಟಕ್ಕೆ ಹೋಗಿ ಕುಳಿತ ಒಬ್ಬರ ಬದುಕನ್ನೇ ನೋಡೋಣ. ಅವರು ತಿರುವಣ್ಣಾಮಲೈಯ ರಮಣ ಮಹರ್ಷಿಗಳು. ಚೆನ್ನೈ ಕಡೆಯ ನಮ್ಮ ಸ್ವಾಮಿಗಳಿಗೆ ಈ ಊರು ಹೊಸದಲ್ಲ. ಕಾರ್ತಿಕ ದೀಪ ಬರುವುದೂ ನಮ್ಮ ಮಂಡಲ ಕಾಲದಲ್ಲೇ. ಕೌಪೀನ ಉಟ್ಟು, ಬಿಳಿ ಗಡ್ಡ ಬಿಟ್ಟು, ಸುಮ್ಮನೆ ನೋಡುತ್ತಾ ಕುಳಿತ ಅವರ ಚಿತ್ರವನ್ನು ಎಲ್ಲರೂ ನೋಡಿರುತ್ತೀರಿ. ಆ ಚಿತ್ರ ಸುಳ್ಳಲ್ಲ, ಆದರೆ ಅರ್ಧ ಕಥೆಯನ್ನೇ ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ. ಈಳಿಗೆ ಮಣೆಯ ಮುಂದೆ ಕುಳಿತ ರಮಣರ ಚಿತ್ರವೂ ಅಷ್ಟೇ ಪ್ರಸಿದ್ಧವಾಗಿದ್ದಿದ್ದರೆ, ಮೇಲಿನ ಪ್ರಶ್ನೆ ಇಷ್ಟು ಸಲ ಬರುತ್ತಿರಲಿಲ್ಲವೋ ಏನೋ.

ಅವರು ಹುಟ್ಟಿದ್ದು 1879ರ ಡಿಸೆಂಬರ್ 30ರಂದು, ಮಧುರೈನಿಂದ ಸುಮಾರು 50 ಕಿಲೋಮೀಟರ್ ದೂರದ ತಿರುಚ್ಚುಳಿ ಎಂಬ ಊರಿನಲ್ಲಿ. ಹೆಸರು ವೆಂಕಟರಾಮನ್. ತಂದೆ ಸುಂದರಂ ಅಯ್ಯರ್ ಊರಿನಲ್ಲಿ ವಕೀಲಿ ಮಾಡುತ್ತಿದ್ದರು; ತಾಯಿ ಅಳಗಮ್ಮಾಳ್. ಅಣ್ಣ ನಾಗಸ್ವಾಮಿ, ತಮ್ಮ ನಾಗಸುಂದರಂ, ಕೊನೆಗೆ ಒಬ್ಬಳು ತಂಗಿ. 1892ರಲ್ಲಿ ತಂದೆ ತೀರಿಕೊಂಡಾಗ ಹುಡುಗನಿಗೆ ಹನ್ನೆರಡು ವರ್ಷ. ಸಂಸಾರ ಚದುರಿತು. ಅಣ್ಣ ತಮ್ಮ ಇಬ್ಬರೂ ಮಧುರೈಯ ಚಿಕ್ಕಪ್ಪನ ಮನೆಗೆ ಬಂದು ಅಲ್ಲಿ ಇಂಗ್ಲಿಷ್ ಶಾಲೆಗೆ ಸೇರಿದರು.

ಬಾಲ್ಯದಲ್ಲಿ ದೊಡ್ಡ ಸಾಧುವಿನ ಲಕ್ಷಣವೇನೂ ಕಾಣಲಿಲ್ಲ. ಓದಿನಲ್ಲಿ ಸಾಧಾರಣ, ಆಟದಲ್ಲಿ ಗಟ್ಟಿಗ. ಅವನಿದ್ದ ತಂಡವೇ ಗೆಲ್ಲುತ್ತದೆಂದು ಗೆಳೆಯರು ಅವನನ್ನು ಚಿನ್ನದ ಕೈಯವನು ಎಂದು ಕರೆಯುತ್ತಿದ್ದರು. ನಿದ್ದೆ ಎಂದರೆ ಅಂಥಿಂಥ ನಿದ್ದೆಯಲ್ಲ. ಎಚ್ಚರವಿದ್ದಾಗ ಅವನ ಮೇಲೆ ಕೈಮಾಡಲು ಹೆದರುತ್ತಿದ್ದ ಹುಡುಗರು, ಮಲಗಿದ ಮೇಲೆ ಎತ್ತಿಕೊಂಡು ಹೋಗಿ ಹೊಡೆದು ಮತ್ತೆ ತಂದು ಮಲಗಿಸಿದರೂ ಬೆಳಿಗ್ಗೆ ಅವನಿಗೆ ಏನೂ ಗೊತ್ತಿರುತ್ತಿರಲಿಲ್ಲವಂತೆ.

1896ರ ಜುಲೈ ತಿಂಗಳು. ಚಿಕ್ಕಪ್ಪನ ಮನೆಯ ಮಹಡಿಯ ಕೋಣೆಯಲ್ಲಿ ಒಬ್ಬನೇ ಕುಳಿತಿದ್ದಾಗ ಈ ಹದಿನಾರರ ಹುಡುಗನಿಗೆ ಇದ್ದಕ್ಕಿದ್ದಂತೆ ತಾನು ಸಾಯುತ್ತಿದ್ದೇನೆ ಎಂಬ ಭಯ ಹುಟ್ಟಿತು. ಜ್ವರವಿಲ್ಲ, ಕಾಯಿಲೆಯಿಲ್ಲ, ಬರೀ ಭಯ. ಇಂದಿನ ನಮ್ಮ ಹುಡುಗರಿಗೆ ಇಂಥ ಗಾಬರಿ ಅಪರಿಚಿತವಲ್ಲ; ರಾತ್ರಿ ಎದೆ ಹೊಡೆದುಕೊಂಡು ಎದ್ದು ಕೂತವರು ನಮ್ಮಲ್ಲೂ ಇದ್ದಾರೆ. ವೆಂಕಟರಾಮನ್ ಯಾರನ್ನೂ ಕೂಗಲಿಲ್ಲ, ಡಾಕ್ಟರ ಬಳಿ ಓಡಲಿಲ್ಲ. ಸಾವು ಎಂದರೆ ಏನು ಎಂದು ಈಗಲೇ ನೋಡಿಬಿಡುತ್ತೇನೆ ಎಂದುಕೊಂಡು ನೆಲದ ಮೇಲೆ ಮಲಗಿ, ಕೈಕಾಲು ಹೆಣದಂತೆ ಬಿಗಿ ಮಾಡಿ, ಉಸಿರು ಹಿಡಿದು, ತುಟಿ ಮುಚ್ಚಿದ. ಈ ದೇಹವನ್ನು ಹೊತ್ತುಕೊಂಡು ಹೋಗಿ ಸುಡುತ್ತಾರೆ. ಹಾಗಾದರೆ ಇದನ್ನೆಲ್ಲ ನೋಡುತ್ತಿರುವ ನಾನು ಯಾರು ಎಂದು ಒಳಕ್ಕೆ ನೋಡಿದ. ದೇಹ ಹೋದರೂ ಹೋಗದ ಒಂದು ಅರಿವು ಅಲ್ಲಿದೆ ಎಂಬುದು ಅವನಿಗೆ ಓದಿ ತಿಳಿದ ಮಾತಾಗಿ ಉಳಿಯಲಿಲ್ಲ, ಎದುರಿಗೇ ಕಂಡಿತು. ಆ ಭಯ ಅಂದು ಹೋದದ್ದು ಮತ್ತೆ ಬರಲಿಲ್ಲ. ಇದೆಲ್ಲ ನಡೆದದ್ದು ಸ್ವಲ್ಪ ಹೊತ್ತಿನಲ್ಲೇ.

ಆಮೇಲೆ ಪಾಠ ಹತ್ತಲಿಲ್ಲ. ಆಟ ಬೇಡವಾಯಿತು. ಯಾರು ಬೈದರೂ ಸುಮ್ಮನಿರುವುದು, ಸಂಜೆ ಮೀನಾಕ್ಷಿ ದೇವಸ್ಥಾನಕ್ಕೆ ಹೋಗಿ ಒಬ್ಬನೇ ನಿಲ್ಲುವುದು. ಆಗಸ್ಟ್ 29ರಂದು ಇಂಗ್ಲಿಷ್ ವ್ಯಾಕರಣದ ಪಾಠವೊಂದನ್ನು ಮೂರು ಸಲ ಬರೆಯುವ ಶಿಕ್ಷೆ ಸಿಕ್ಕಿತ್ತು. ಎರಡು ಸಲ ಬರೆದವನು ಪುಸ್ತಕ ಸರಿಸಿ ಕಣ್ಣು ಮುಚ್ಚಿ ಕುಳಿತ. ನೋಡುತ್ತಿದ್ದ ಅಣ್ಣ, ಹೀಗಿರುವವನಿಗೆ ಓದು ಮನೆ ಎಲ್ಲ ಏತಕ್ಕೆ ಎಂದು ಕುಟುಕಿದ. ತಮ್ಮನಿಗೆ ಅದು ನಿಜವೆನಿಸಿತು. ಸ್ಪೆಷಲ್ ಕ್ಲಾಸ್ ಇದೆ ಎಂದು ಹೇಳಿ ಎದ್ದ. ಹೇಗೂ ಹೋಗುತ್ತೀಯಲ್ಲ, ದಾರಿಯಲ್ಲಿ ನನ್ನ ಕಾಲೇಜು ಫೀಸು ಕಟ್ಟಿಬಿಡು ಎಂದು ಅಣ್ಣ 5 ರೂಪಾಯಿ ತೆಗೆದುಕೊಳ್ಳಲು ಹೇಳಿದ. ಹುಡುಗ ಹಳೆಯ ಅಟ್ಲಾಸ್ ನೋಡಿ, ರೈಲಿಗೆ 3 ರೂಪಾಯಿ ಸಾಕು ಎಂದು ಲೆಕ್ಕ ಹಾಕಿ, ಉಳಿದ 2 ರೂಪಾಯಿಯನ್ನು ಒಂದು ಚೀಟಿಯ ಜೊತೆ ಇಟ್ಟು ಹೊರಟ. ಹುಡುಕುವುದಕ್ಕೆ ದುಡ್ಡು ಖರ್ಚು ಮಾಡಬೇಡಿ, ಫೀಸು ಇನ್ನೂ ಕಟ್ಟಿಲ್ಲ ಎಂದು ಆ ಚೀಟಿಯಲ್ಲಿತ್ತು. ನಾನು ಎಂದು ಶುರುವಾದ ಚೀಟಿಯಲ್ಲಿ ಮುಂದೆ ನಾನು ಹೋಗಿ ಇದು ಎಂದಾಗಿತ್ತು. ಕೆಳಗೆ ಸಹಿಯೇ ಇರಲಿಲ್ಲ.

ಸಂಸಾರ ಬಿಡುವ ಹೊತ್ತಿನಲ್ಲೂ ಫೀಸಿನ ಲೆಕ್ಕ ಒಪ್ಪಿಸಿದ ಈ ಗುಣ ಮುಂದೆ ಅಡಿಗೆಮನೆಯಲ್ಲೂ ಕಾಣಿಸುತ್ತದೆ. ನೆನಪಿಡಿ.

ಟಿಕೆಟ್ 2 ರೂಪಾಯಿ 13 ಆಣೆ. ಹಳೆಯ ಅಟ್ಲಾಸ್ ನಂಬಿ ತಿಂಡಿವನಂಗೆ ಟಿಕೆಟ್ ತೆಗೆದಿದ್ದ. ವಿಳ್ಳುಪುರಂನಲ್ಲೇ ಇಳಿದು ಬೇರೆ ರೈಲು ಹಿಡಿಯಬೇಕೆಂದು ಹೇಳಿದವರು ಅದೇ ಡಬ್ಬಿಯಲ್ಲಿದ್ದ ಒಬ್ಬ ಮೌಲ್ವಿ. ಉಳಿದ ಚಿಲ್ಲರೆಗೆ ಸಿಕ್ಕಷ್ಟು ದೂರ ರೈಲು, ಆಮೇಲೆ ನಡಿಗೆ, ದೇವಸ್ಥಾನದಲ್ಲಿ ನಿದ್ದೆ, ಹಸಿವೆಗೆ ಯಾರೋ ಕೊಟ್ಟ ಪ್ರಸಾದ. ಕಿವಿಯ ಒಂಟಿ ಅಡವಿಟ್ಟು ಪಡೆದ 4 ರೂಪಾಯಿಯಲ್ಲಿ ಕೊನೆಯ ಟಿಕೆಟ್. ಸೆಪ್ಟೆಂಬರ್ 1ರ ಬೆಳಿಗ್ಗೆ ಅರುಣಾಚಲೇಶ್ವರನ ಮುಂದೆ ನಿಂತ. ಉಳಿದ ದುಡ್ಡನ್ನು ಅಯ್ಯನ್‌ಕುಳಂ ಕೆರೆಗೆ ಎಸೆದ. ಅಂದಿನಿಂದ 54 ವರ್ಷ, ಕಣ್ಣು ಮುಚ್ಚುವವರೆಗೂ, ಆ ಊರು ಬಿಟ್ಟು ಹೋಗಲಿಲ್ಲ.

ಮೊದಲ ವರ್ಷಗಳ ತಪಸ್ಸಿನ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಬೇಗ ಮುಗಿಸುತ್ತೇನೆ. ಸಾವಿರ ಕಂಬದ ಮಂಟಪದಲ್ಲಿ ಕುಳಿತಾಗ ಪೋಕರಿ ಹುಡುಗರು ಕಲ್ಲೆಸೆದರು. ಕಲ್ಲು ತಪ್ಪಿಸಿಕೊಳ್ಳಲು ನೆಲಮಾಳಿಗೆಯ ಪಾತಾಳಲಿಂಗದ ಕತ್ತಲಿಗೆ ಇಳಿದರೆ ಅಲ್ಲಿ ಇರುವೆ, ಹುಳಹುಪ್ಪಟೆ. ತೊಡೆಯೆಲ್ಲ ಹುಣ್ಣಾದರೂ ಅವನಿಗೆ ಪರಿವೆಯಿಲ್ಲ. ಜನರೇ ಎತ್ತಿಕೊಂಡು ಬಂದು ಹೊರಗೆ ಕೂರಿಸಿದರು. 1897ರಲ್ಲಿ ಪಳನಿಸ್ವಾಮಿ ಎಂಬ ಮಲಯಾಳಿ ಬಂದು ಜೊತೆಗೆ ನಿಂತರು, ಸಾಯುವವರೆಗೂ ಸೇವೆ ಮಾಡಿದರು. ಪಳನಿಸ್ವಾಮಿಗೆ ಓದಲು ಬರುತ್ತಿದ್ದದ್ದು ಮಲಯಾಳಂ. ತಂದ ತಮಿಳು ವೇದಾಂತದ ಪುಸ್ತಕಗಳನ್ನು ಅವರು ತಡವರಿಸಿ ಓದುವುದನ್ನು ನೋಡಿ, ಈ ಹುಡುಗಸ್ವಾಮಿ ತಾನೇ ಓದಿ ಸಾರ ಹೇಳಿಕೊಡತೊಡಗಿದ. ತನಗೆ ಆದದ್ದಕ್ಕೆ ಶಾಸ್ತ್ರದಲ್ಲಿ ಹೆಸರಿದೆ ಎಂದು ರಮಣರಿಗೆ ತಿಳಿದದ್ದು ಹೀಗೆ, ಮತ್ತೊಬ್ಬರಿಗೆ ಸಹಾಯ ಮಾಡಲು ಹೋಗಿ.

1898ರ ಡಿಸೆಂಬರಿನಲ್ಲಿ ತಾಯಿ ಹುಡುಕಿಕೊಂಡು ಬಂದರು. ಜಡೆಗಟ್ಟಿದ ಕೂದಲು, ಬೆಳೆದ ಉಗುರು. ತಾಯಿಗೆ ತನ್ನ ಮಗನ ಗುರುತು ಹತ್ತಿತು. ಮನೆಗೆ ಬಾ ಎಂದು ದಿನಗಟ್ಟಲೆ ಅತ್ತರು. ಮಗ ಮೌನಿ. ನೋಡಲಾರದೆ ಅಲ್ಲಿದ್ದವರೊಬ್ಬರು ಕಾಗದ ಪೆನ್ಸಿಲ್ ಕೊಟ್ಟರು. ಆಗಬೇಕಾದದ್ದು ಪ್ರಾರಬ್ಧದಂತೆ ಆಗಿಯೇ ತೀರುತ್ತದೆ, ಆಗದಿರುವುದು ಎಷ್ಟು ಹೆಣಗಿದರೂ ಆಗದು, ಆದ್ದರಿಂದ ಸುಮ್ಮನಿರುವುದೇ ಮೇಲು ಎಂಬ ಅರ್ಥದ ನಾಲ್ಕು ಸಾಲು ಬರೆದುಕೊಟ್ಟರು. ತಾಯಿ ಬರಿಗೈಯಲ್ಲಿ ಮಧುರೈಗೆ ಹಿಂತಿರುಗಿದರು.

ಸ್ವಾಮಿಗಳೇ, ಈ ಭಾಗ ಓದುವಾಗ ನನಗೆ ಇಂದಿಗೂ ಸಂಕಟವಾಗುತ್ತದೆ. ತಂದೆಯಿಲ್ಲದ ಮನೆ, ಎರಡನೆಯ ಮಗ ಹೀಗೆ. ಎರಡು ವರ್ಷ ಕಳೆಯುವಷ್ಟರಲ್ಲಿ ಹಿರಿಯ ಮಗ ನಾಗಸ್ವಾಮಿಯೂ ತೀರಿಕೊಂಡ. ಆ ತಾಯಿಯ ಶಾಂತಿ ಏನಾಯಿತು? ರಮಣರನ್ನು ನೋಡಿ ಮನೆ ಬಿಡಲು ಹೊರಡುವವರು ಈ ಪುಟವನ್ನು ಬಿಟ್ಟು ಓದಬಾರದು. ರಮಣರ ಬದುಕು ಈ ಪುಟದಲ್ಲಿ ನಿಲ್ಲುವುದೂ ಇಲ್ಲ.

1914ರಲ್ಲಿ ತಾಯಿ ಮತ್ತೆ ನೋಡಲು ಬಂದಾಗ ವಿಷಮಜ್ವರ ಹಿಡಿಯಿತು. ಹದಿನಾರು ವರ್ಷ ಹಿಂದೆ ಮಾತೂ ಆಡದಿದ್ದ ಮಗ ಈಗ ಪಕ್ಕದಲ್ಲಿ ಕುಳಿತು ಎರಡು ಮೂರು ವಾರ ಶುಶ್ರೂಷೆ ಮಾಡಿದರು. ತಾಯಿಯ ಜ್ವರ ಇಳಿಸು ಎಂದು ಅರುಣಾಚಲನಿಗೆ ಪದ್ಯ ಕಟ್ಟಿದರು. ಎಲ್ಲ ಪ್ರಾರಬ್ಧ ಎಂದು ಬರೆದುಕೊಟ್ಟಿದ್ದ ಅದೇ ಕೈ! ತಾಯಿ ಗುಣವಾದರು. 1916ರಲ್ಲಿ ಎಲ್ಲ ಬಿಟ್ಟು ಮಗನ ಹತ್ತಿರವೇ ಇರಲು ಬಂದರು. ಆವರೆಗೆ ಬೆಟ್ಟದ ವಿರೂಪಾಕ್ಷ ಗುಹೆಯಲ್ಲಿ ಒಲೆ ಎಂಬುದಿರಲಿಲ್ಲ. ಭಿಕ್ಷೆಯಲ್ಲಿ ಬಂದದ್ದನ್ನೆಲ್ಲ ಕಲಸಿ ಎಲ್ಲರೂ ಸಮವಾಗಿ ತಿನ್ನುತ್ತಿದ್ದರು. ಸ್ವಲ್ಪ ಮೇಲಿನ ಸ್ಕಂದಾಶ್ರಮಕ್ಕೆ ಹೋದ ಮೇಲೆ ತಾಯಿ ಅಡಿಗೆ ಶುರುಮಾಡಿದರು. ತಾಯಿಯದು ಕಟ್ಟುನಿಟ್ಟಿನ ಮಡಿ. ಅಯ್ಯೋ ಈರುಳ್ಳಿ ಬಂತು, ಮೋಕ್ಷಕ್ಕೆ ಅಡ್ಡಿಯಾದೀತು ಎಂದು ಮಗ ಚುಡಾಯಿಸುತ್ತಿದ್ದರು. ಗುಹೆಗೆ ಒಲೆ ಬಂತು, ತಾಯಿ ಬಂದರು, ಸ್ವಲ್ಪ ಕಾಲಕ್ಕೆ ತಮ್ಮನೂ ಬಂದು ಸನ್ಯಾಸಿಯಾದ. ಬಿಟ್ಟು ಬಂದ ಮನೆಯೇ ಬೆಟ್ಟ ಹತ್ತಿ ಬಂದಂತಾಯಿತು. ಅವರು ಓಡಿಹೋಗಲಿಲ್ಲ.

1922ರ ಮೇ 19ರಂದು ತಾಯಿ ಕೊನೆಯುಸಿರೆಳೆದರು. ಅಂದು ಬೆಳಗಿನಿಂದ ರಾತ್ರಿಯವರೆಗೆ ಒಂದು ಕೈ ತಾಯಿಯ ಎದೆಯ ಮೇಲೆ, ಇನ್ನೊಂದು ತಲೆಯ ಮೇಲೆ ಇಟ್ಟುಕೊಂಡು ಮಗ ಕುಳಿತಿದ್ದರು. ಬೆಟ್ಟದ ಬುಡದಲ್ಲಿ ಸಮಾಧಿ ಮಾಡಿದರು. ಅಲ್ಲಿಗೆ ದಿನಾ ಇಳಿದು ಬರುತ್ತಿದ್ದವರು ಒಂದು ದಿನ ಮೇಲೆ ಹೋಗದೆ ಅಲ್ಲೇ ಉಳಿದರು. ಇಂದಿನ ರಮಣಾಶ್ರಮ ಬೆಳೆದದ್ದು ಆ ಸಮಾಧಿಯ ಸುತ್ತ.

ಬೆಟ್ಟದ ಮೇಲೆಯೂ ಶಾಂತಿ ಕಾಪಾಡಲು ಬೇಲಿಯೇನೂ ಇರಲಿಲ್ಲ. ಅವರ ಬಳಿ ಜನ ಬರುವುದನ್ನು ಸಹಿಸದ ಒಬ್ಬ ಮುದಿ ಸಾಧು ಮೇಲಿನಿಂದ ಬಂಡೆ ಉರುಳಿಸುತ್ತಿದ್ದ. ಒಂದು ದಿನ ರಮಣರು ಸದ್ದಿಲ್ಲದೆ ಹತ್ತಿ ಹೋಗಿ ಕೈಯಾರೆ ಹಿಡಿದರು. ತಮಾಷೆಗೆ ಮಾಡಿದೆ ಎಂದು ಅವನು ಹಲ್ಲು ಕಿರಿದ. ವಿಷಯ ಅಲ್ಲಿಗೇ ಮುಗಿಯಿತು. ಇನ್ನೊಮ್ಮೆ ಗುಹೆಯ ಒಡೆತನದ ಮಠದವರು ಕಾರ್ತಿಕ ದೀಪದ ಕಾಲದಲ್ಲಿ ನೋಡಲು ಬರುವವರಿಗೆ ಟಿಕೆಟ್ ಇಟ್ಟರು. ರಮಣರು ಜಗಳ ಮಾಡಲಿಲ್ಲ. ಎದ್ದು ಹೊರಗಿನ ಮರದ ಕೆಳಗೆ ಕುಳಿತರು. ವಸೂಲಿಯವರು ಆ ಮರವನ್ನೂ ಸೇರಿಸಿ ಗಡಿ ಮುಂದಕ್ಕೆ ತಂದರು. ಇವರು ಬೇರೆ ಗುಹೆಗೆ ಹೋದರು. ಜನ ಅಲ್ಲಿಗೇ ಹೋದ ಮೇಲೆ ಟಿಕೆಟ್ ಕೊಳ್ಳುವವರು ಯಾರು? ಮಠದವರೇ ಬಂದು ಕರೆದರು, ಟಿಕೆಟ್ ನಿಂತಿತು. ಸುಮ್ಮನಿರುವುದೆಂದರೆ ಸೋಲುವುದು ಎಂದುಕೊಳ್ಳುವವರು ಇದನ್ನು ಎರಡು ಸಲ ಓದಬೇಕು.

ಎಚ್ಚಮ್ಮಾಳ್ ಎಂಬ ತಾಯಿ ಬಂದದ್ದೂ ಬೆಟ್ಟದ ಕಾಲದಲ್ಲೇ. ಗಂಡ, ಮಗ, ಮಗಳು ಒಬ್ಬರಾದ ಮೇಲೊಬ್ಬರು ತೀರಿಕೊಂಡು, ಊರಿನಲ್ಲಿ ನಿಲ್ಲಲಾರದೆ ಎಲ್ಲೆಲ್ಲೋ ಅಲೆದು ಬಂದಿದ್ದರು. ರಮಣರು ಉಪದೇಶವೇನೂ ಮಾಡಲಿಲ್ಲ. ಆಕೆ ಒಂದು ಗಂಟೆ ಎದುರು ನಿಂತರು. ಎದೆಯ ಭಾರ ಇಳಿಯಿತು. ಮರುದಿನದಿಂದ ಊಟ ಮಾಡಿ ಹೊತ್ತು ತರತೊಡಗಿದರು. ಸಾಯುವವರೆಗೂ, ವರ್ಷ ವರ್ಷ, ಆ ಊಟ ಬರುತ್ತಲೇ ಇತ್ತು. ಮುಂದೆ ಆಶ್ರಮದಲ್ಲಿ ನೂರಾರು ಜನಕ್ಕೆ ಅಡಿಗೆಯಾಗುವಾಗಲೂ ರಮಣರು ಆಕೆ ತಂದ ತುತ್ತನ್ನು ಬೇಡ ಎನ್ನಲಿಲ್ಲ. ಆ ದುಃಖಕ್ಕೆ ಒಂದು ದಿನನಿತ್ಯದ ಕೆಲಸ ಬೇಕಾಗಿತ್ತು ಎಂದು ಅವರಿಗೆ ಗೊತ್ತಿತ್ತೆಂದು ನಾನು ತಿಳಿದಿದ್ದೇನೆ.

ನಮ್ಮ ಕನ್ನಡ ನಾಡಿನ ಕೊಂಡಿಯೂ ಇಲ್ಲಿದೆ. ವೆಂಕಟರಾಮನ್‌ಗೆ 1907ರಲ್ಲಿ ರಮಣ ಮಹರ್ಷಿ ಎಂಬ ಹೆಸರು ಕೊಟ್ಟ ಕಾವ್ಯಕಂಠ ಗಣಪತಿ ಮುನಿಗಳು ಕೆಲ ಕಾಲ ಗೋಕರ್ಣದಲ್ಲಿ ತಪಸ್ಸಿಗೆ ನಿಂತವರು. ಅವರ ಶಿಷ್ಯ, ಗೋಕರ್ಣದ ದೈವರಾತರು 1917ರಲ್ಲಿ ಸ್ಕಂದಾಶ್ರಮಕ್ಕೆ ಬಂದು, ಸಂಸಾರದಲ್ಲಿ ಸಿಕ್ಕಿಕೊಂಡ ಮನುಷ್ಯ ಮುಖ್ಯವಾಗಿ ಮಾಡಬೇಕಾದದ್ದು ಏನು ಎಂದು ಕೇಳಿದರು. ನಮ್ಮ ಹುಡುಗರ ಪ್ರಶ್ನೆಯೇ! ಬಂದ ಉತ್ತರದಲ್ಲಿ ಮನೆ ಬಿಡು ಎಂಬುದಿರಲಿಲ್ಲ; ನೀನು ನಿಜಕ್ಕೂ ಯಾರೆಂದು ಹುಡುಕು, ಅದೇ ಮುಖ್ಯ ಎಂಬುದಿತ್ತು. ಈ ಸಂವಾದ ಗಣಪತಿ ಮುನಿಗಳ ರಮಣಗೀತೆಯಲ್ಲಿ ಒಂದು ಅಧ್ಯಾಯವಾಗಿ ಸೇರಿದೆ.

ಕೆಲಸ ಬಿಡುತ್ತೇನೆ, ಸನ್ಯಾಸ ಕೊಡಿ ಎಂದು ಬಂದ ಗೃಹಸ್ಥರನ್ನು ರಮಣರು ಸಾಮಾನ್ಯವಾಗಿ ಹಿಂದಕ್ಕೇ ಕಳಿಸುತ್ತಿದ್ದರು. ಅವರ ವಾದ ಸರಳ. ಮನೆಯಲ್ಲಿ ನಾನು ಗೃಹಸ್ಥ ಎಂಬ ಯೋಚನೆ, ಕಾಡಿಗೆ ಹೋದರೆ ನಾನು ಸನ್ಯಾಸಿ ಎಂಬ ಯೋಚನೆ. ಊರು ಬದಲಾದರೂ ತೊಂದರೆ ಕೊಡುವ ಮನಸ್ಸು ಗಂಟಿನ ಜೊತೆಗೇ ಬರುತ್ತದೆ. ಹೇಳಿಕೊಟ್ಟ ದಾರಿಗೂ ಜಾಗ, ಹೊತ್ತು, ಸಾಮಗ್ರಿ ಏನೂ ಬೇಡ. ಸಿಟ್ಟು ಬಂತೇ, ಯಾರಿಗೆ ಬಂತು? ನನಗೆ. ಆ ನಾನು ಯಾರು, ಎಲ್ಲಿಂದ ಎದ್ದಿತು? ಹಾಗೆ ಗಮನ ಒಳಕ್ಕೆ ತಿರುಗಿದರೆ ಬಂದ ಯೋಚನೆ ಎದ್ದ ಕಡೆಗೇ ಹಿಂತಿರುಗುತ್ತದೆ. 1902ರಲ್ಲಿ, ಅವರಿನ್ನೂ ಮೌನದಲ್ಲಿದ್ದಾಗ, ಶಿವಪ್ರಕಾಶಂ ಪಿಳ್ಳೈ ಎಂಬ ಸರ್ಕಾರಿ ನೌಕರರು ಕೇಳಿದ ಪ್ರಶ್ನೆಗಳಿಗೆ ಬರೆದು ತೋರಿಸಿದ್ದೇ ನಾನು ಯಾರು ಎಂಬ ಸಣ್ಣ ಪುಸ್ತಕವಾಯಿತು. ಇದು ಕಷ್ಟ ಎನ್ನುವವರಿಗೆ ಇನ್ನೊಂದು ದಾರಿಯನ್ನೂ ಹೇಳುತ್ತಿದ್ದರು: ಎಲ್ಲವನ್ನೂ ಈಶ್ವರನಿಗೆ ಒಪ್ಪಿಸಿಬಿಡು. ಶರಣಂ ಎಂದು ದಿನಕ್ಕೆ ನೂರು ಸಲ ಕೂಗುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಅಡಿಗೆಮನೆಗೆ ಬರೋಣ.

ಆಶ್ರಮ ಬೆಳೆದ ಮೇಲೆ ಹಲವು ವರ್ಷ, 1930ರ ದಶಕದ ಕೊನೆಯ ಭಾಗದವರೆಗೂ, ರಮಣರ ದಿನ ಶುರುವಾಗುತ್ತಿದ್ದದ್ದು ಅಡಿಗೆಮನೆಯಲ್ಲಿ. ಬೆಳಗಿನ ಜಾವ ಊರು ಏಳುವ ಮೊದಲೇ ಬಂದು ತರಕಾರಿ ಹೆಚ್ಚಲು ಕೂರುತ್ತಿದ್ದರು. ಚಟ್ನಿ ರುಬ್ಬುವುದು, ಹುಳಿಯ ಹದ ನೋಡುವುದು, ಊಟದೆಲೆ ಹಚ್ಚುವುದು, ಎಲ್ಲಕ್ಕೂ ಕೈ. ಅಲ್ಲಿ ಅಡಿಗೆ ಮಾಡುತ್ತಿದ್ದವರಲ್ಲಿ ಹೆಚ್ಚಿನವರು ಗಂಡನನ್ನು ಕಳೆದುಕೊಂಡು ಬಂದ ಹೆಂಗಸರು. ಸಂಸ್ಕೃತ ಬಲ್ಲವರಲ್ಲ, ಧ್ಯಾನಕ್ಕೆ ಕೂರಲು ಅವರಿಗೆ ಪುರುಸೊತ್ತೂ ಇರಲಿಲ್ಲ. ಅವರಿಗೆ ರಮಣರಿಂದ ಕಲಿಯಲು ಸಿಕ್ಕಿದ ಜಾಗ ಒಲೆಯ ಮುಂದೆ. ಪಾತ್ರೆಗೆ ಮುಚ್ಚಳ ಮುಚ್ಚು, ಉರಿ ಇಷ್ಟೇ ಇರಲಿ, ಹೀಗೆ ಹುರಿ. ಮಾಡುವ ಕೆಲಸದಲ್ಲಿ ಮನಸ್ಸು ಪೂರ್ತಿ ಇದ್ದಾಗ ಅದು ಬೇರೆಲ್ಲಿ ಅಲೆಯುತ್ತದೆ? ಆ ಹೆಂಗಸರಲ್ಲಿ ಕೆಲವರು ಮುಂದೆ ಹೇಳಿಕೊಂಡ ನೆನಪುಗಳೇ, ದೊಡ್ಡ ಪಂಡಿತರ ಭಾಷ್ಯಗಳಿಗಿಂತ ನನಗೆ ಹೆಚ್ಚು ಹತ್ತಿರವಾದವು.

ಪೋಲು ಮಾಡುವುದನ್ನು ಅವರು ಸಹಿಸುತ್ತಿರಲಿಲ್ಲ. ನೆಲದ ಮೇಲೆ ಒಂದು ಅಕ್ಕಿ ಕಾಳು ಬಿದ್ದಿದ್ದರೂ ಬಗ್ಗಿ ಹೆಕ್ಕುತ್ತಿದ್ದರು. ಸಿಪ್ಪೆ ಹಸುಗಳಿಗೆ. ಒಂದು ಕಡೆ ಮುದ್ರಣವಾದ ಕಾಗದದ ಖಾಲಿ ಬದಿ ಬರೆಯಲು. ತುಂಡು ಕಾಗದಗಳನ್ನು ಹೊಲಿದು ಸಣ್ಣ ನೋಟುಪುಸ್ತಕ. ಬಂದ ಪತ್ರಗಳಿಗೆ ಆಶ್ರಮದವರು ಬರೆದ ಉತ್ತರ ನೋಡುವುದು, ಪುಸ್ತಕಗಳ ಪ್ರೂಫ್ ತಿದ್ದುವುದು, ಪೇಪರ್ ಓದುವುದು, ಗಡಿಯಾರದಂತೆ ಹೊತ್ತಿಗೆ ಸರಿಯಾಗಿ ಬೆಟ್ಟದ ಕಡೆ ನಡೆಯಲು ಹೊರಡುವುದು. ಕೈ ಎಂದೂ ಸುಮ್ಮನಿರಲಿಲ್ಲ, ಸುಮ್ಮನಿದ್ದದ್ದು ಒಳಗೆ.

ನಿಷ್ಕಾಮ ಕರ್ಮ ಎಂದರೆ ಏನು ಎಂದು ವೆಲ್ಲೂರಿನ ಕಾಲೇಜಿನ ಒಬ್ಬ ತೆಲುಗು ಪಂಡಿತರು ಒಮ್ಮೆ ಕೇಳಿದರು. ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಿಗೆ ರಮಣರು ಬೆಟ್ಟದ ಕಡೆ ಹೊರಟರು, ಪಂಡಿತರೂ ಹಿಂಬಾಲಿಸಿದರು. ದಾರಿಯಲ್ಲಿ ಮುಳ್ಳಿನ ಕೊಂಬೆಯೊಂದು ಸಿಕ್ಕಿತು. ಕುಳಿತು ಮುಳ್ಳು ಕತ್ತರಿಸಿದರು, ಗಂಟು ಸಮ ಮಾಡಿದರು, ಒರಟು ಎಲೆಯಿಂದ ತಿಕ್ಕಿ ತಿಕ್ಕಿ ನಯ ಮಾಡಿದರು. ಗಂಟೆಗಟ್ಟಲೆ ಕೆಲಸ. ಮುಳ್ಳುಕೊಂಬೆ ಇಷ್ಟು ಚೆಂದದ ಕೋಲಾಯಿತಲ್ಲ ಎಂದು ಎಲ್ಲರೂ ಬೆರಗಾಗುವಾಗ ಕುರಿ ಕಾಯುವ ಹುಡುಗನೊಬ್ಬ ತನ್ನ ಕೋಲು ಕಳೆದುಕೊಂಡು ಪೆಚ್ಚು ಮುಖ ಹಾಕಿಕೊಂಡು ಎದುರಾದ. ರಮಣರು ಕೋಲನ್ನು ಅವನ ಕೈಗಿಟ್ಟು ಮುಂದೆ ನಡೆದರು. ಪಂಡಿತರು ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಊಟದ ಪಂಕ್ತಿಯಲ್ಲಿ ತನಗೆ ಒಂದು ಚಮಚ ಹೆಚ್ಚು ಬಡಿಸಿದರೂ ಕೋಪ. ಅದು ನಟನೆಯ ಕೋಪವಲ್ಲ. ಎಲ್ಲರಿಗೂ ಇಲ್ಲದ್ದು ನನಗೆ ಬೇಡ ಎಂಬುದು ಅವರ ಕಡೆಯವರೆಗಿನ ಹಟ. ಆರೋಗ್ಯಕ್ಕೆಂದು ಏನಾದರೂ ಬೇರೆ ಮಾಡಿ ತಂದರೆ ಎಲ್ಲರಿಗೂ ಹಂಚಿ ಎನ್ನುತ್ತಿದ್ದರು. ಮನೆಯಲ್ಲಿ ಅಣ್ಣತಮ್ಮಂದಿರ ಮನಸ್ಸು ಕೆಡುವುದು, ಆಫೀಸಿನಲ್ಲಿ ಹೊಟ್ಟೆ ಉರಿಯುವುದು ಹೆಚ್ಚಾಗಿ ಈ ಒಂದು ಚಮಚದ ಮೇಲೇ ಅಲ್ಲವೇ? ನಾಯಿ, ಕೋತಿ, ಅಳಿಲು, ನವಿಲುಗಳಿಗೂ ಅಲ್ಲಿ ಪಾಲಿತ್ತು. 1926ರಲ್ಲಿ ಕರುವಾಗಿ ಬಂದ ಲಕ್ಷ್ಮಿ ಎಂಬ ಹಸು 1948ರ ಜೂನ್ 18ರಂದು ಸತ್ತಾಗ ಅದರ ಪಕ್ಕ ಕುಳಿತು ತಲೆ ಸವರಿದರು. ಆ ಹಸುವಿನ ಸಮಾಧಿ ಇಂದಿಗೂ ಆಶ್ರಮದಲ್ಲಿದೆ.

1924ರ ಜೂನ್ 26ರ ರಾತ್ರಿ ಕಳ್ಳರು ಬಂದರು. ಆಗಿನ್ನೂ ಆಶ್ರಮವೆಂದರೆ ಗುಡಿಸಲು, ಕದಿಯಲು ಏನಿತ್ತು? ಕಿಟಕಿ ಒಡೆಯುವ ಸದ್ದಿಗೆ ಎದ್ದ ಶಿಷ್ಯರು ಕೈಗೆ ಸಿಕ್ಕಿದ್ದು ಹಿಡಿದುಕೊಂಡರು. ರಮಣರು ಬಾಗಿಲು ತೆಗೆಸಿ, ಬೇಕಾದ್ದನ್ನು ತೆಗೆದುಕೊಂಡು ಹೋಗಲಿ ಎಂದು ಎಲ್ಲರನ್ನೂ ಹೊರಕ್ಕೆ ಕರೆತಂದರು. ಹೊರಗೆ ಬರುವವರಿಗೆಲ್ಲ ಕಳ್ಳರು ಬಡಿದರು. ರಮಣರ ಎಡತೊಡೆಗೂ ಬಲವಾದ ಏಟು ಬಿತ್ತು. ಸಾಲದಿದ್ದರೆ ಇನ್ನೊಂದು ಕಾಲೂ ಇದೆ ಎಂದರು ಇವರು. ಸಿಟ್ಟಿಗೆದ್ದು ನುಗ್ಗಲು ಹೊರಟ ಶಿಷ್ಯನನ್ನು ತಡೆದರು. ಅವರ ಧರ್ಮ ಅವರು ಮಾಡುತ್ತಿದ್ದಾರೆ, ನಮ್ಮದನ್ನು ನಾವು ಬಿಡಬಾರದು. ಊಟ ಮಾಡುವಾಗ ಹಲ್ಲು ನಾಲಿಗೆಯನ್ನು ಕಚ್ಚಿತೆಂದು ಹಲ್ಲು ಉದುರಿಸಿಕೊಳ್ಳುತ್ತೇವೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು. ಪೊಲೀಸರು ಕೆಲ ದಿನಗಳಲ್ಲಿ ಕಳ್ಳರನ್ನು ಹಿಡಿದರು. ರಮಣರು ಆ ವಿಷಯ ಮತ್ತೆ ಎತ್ತಲಿಲ್ಲ.

ಕಳ್ಳರನ್ನು ಕ್ಷಮಿಸುವುದು ಒಂದು ರೀತಿ ಸುಲಭ. ಅವರು ಬಂದು ಹೋಗುತ್ತಾರೆ. ಜೊತೆಗಿದ್ದವರೇ ತಿರುಗಿ ಬಿದ್ದಾಗ? ತಮ್ಮ ಆಶ್ರಮದ ಆಡಳಿತ ವಹಿಸಿಕೊಂಡ ಮೇಲೆ ಅಸಮಾಧಾನ, ಗುಂಪುಗಾರಿಕೆ ಎಲ್ಲ ಬಂದವು. ಬೆಟ್ಟದ ಕಾಲದಲ್ಲಿ ಸೇವೆ ಮಾಡಿದ್ದ ಒಬ್ಬರು 1930ರ ದಶಕದಲ್ಲಿ ಆಶ್ರಮದ ಹಕ್ಕಿಗಾಗಿ ಕೋರ್ಟು ಹತ್ತಿದರು. ಎಲ್ಲ ಬಿಟ್ಟು ಬಂದ ರಮಣರು, ಆಶ್ರಮಕ್ಕೇ ಬಂದ ಕೋರ್ಟಿನವರ ಮುಂದೆ ಕುಳಿತು, ಪಾಟೀಸವಾಲಿಗೆ ಒಂದೊಂದಾಗಿ ಉತ್ತರ ಹೇಳಬೇಕಾಯಿತು. ಹೇಳಿದರು. ದೂರು ಕೊಟ್ಟವರ ಮೇಲೆ ಒಂದು ಕೆಟ್ಟ ಮಾತಿಲ್ಲ. 1934ರಲ್ಲಿ ಪಾಲ್ ಬ್ರಂಟನ್ ಬರೆದ ಪುಸ್ತಕ ಬಂದ ಮೇಲೆ ಪರದೇಶದವರೂ ಬರತೊಡಗಿದರು, ಹೆಸರಾಂತ ಲೇಖಕರು ಬಂದರು, ಹೊಗಳಿಕೆಯ ರಾಶಿ ಬಿತ್ತು. ಆಗಲೂ ಅದೇ ಸೋಫಾ, ಅದೇ ಹಾಲ್, ಅದೇ ಮುಖ.

1948ರ ಕೊನೆಗೆ ಎಡಗೈ ಮೊಣಕೈಯ ಬಳಿ ಸಣ್ಣ ಗಂಟು ಕಾಣಿಸಿತು. 1949ರ ಫೆಬ್ರವರಿಯಲ್ಲಿ ಡಾಕ್ಟರು ಕೊಯ್ದು ತೆಗೆದರು, ಮತ್ತೆ ಬೆಳೆಯಿತು. ಅದು ಕ್ಯಾನ್ಸರ್ ಜಾತಿಯದು. ಡಿಸೆಂಬರಿನವರೆಗೆ ನಾಲ್ಕು ಆಪರೇಷನ್. ಕೈ ಕತ್ತರಿಸಬೇಕೆಂಬ ಮಾತು ಬಂದಾಗ ಒಪ್ಪಲಿಲ್ಲ. ಅಲೋಪತಿ, ಆಯುರ್ವೇದ, ಹೋಮಿಯೋಪತಿ, ಯಾರು ಏನು ಕೊಡಲು ಬಂದರೂ ಅವರ ಸಮಾಧಾನಕ್ಕೆ ಕೊಡಲಿ ಎಂದು ಬಿಟ್ಟರು. ನೋವಿಲ್ಲವೆಂದು ಅವರು ಹೇಳಲಿಲ್ಲ. ನೋವಿದೆ, ಅದು ದೇಹಕ್ಕಿದೆ ಎಂಬುದಷ್ಟೇ ಅವರ ಲೆಕ್ಕ. ಡಾಕ್ಟರು ಬೇಡವೆಂದರೂ ಜನರನ್ನು ನೋಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ದೂರದಿಂದ ಬಂದವರು ಹಾಗೇ ಹಿಂತಿರುಗಬಾರದು. ಕೊನೆಕೊನೆಗೆ ಒಂದು ಸಣ್ಣ ಕೋಣೆಯಲ್ಲಿ ಮಲಗಿದ್ದಾಗಲೂ ಬೆಳಿಗ್ಗೆ ಸಂಜೆ ಬಾಗಿಲ ಮುಂದೆ ಜನರ ಸಾಲು ನಿಧಾನವಾಗಿ ಹಾದು ಹೋಗುತ್ತಿತ್ತು, ಅವರ ಮುಖ ಆ ಸಾಲಿನ ಕಡೆಗೇ ಇರುತ್ತಿತ್ತು.

1950ರ ಏಪ್ರಿಲ್ 14, ಶುಕ್ರವಾರ. ಸಂಜೆ ಎಬ್ಬಿಸಿ ಕೂರಿಸಿ ಎಂದರು. ಸೇವೆಯ ಹುಡುಗ ತಲೆಗೆ ಆಸರೆ ಕೊಟ್ಟ. ಡಾಕ್ಟರು ಆಮ್ಲಜನಕ ಕೊಡಲು ಬಂದಾಗ ಬಲಗೈಯಿಂದ ಬೇಡವೆಂದು ಸನ್ನೆ ಮಾಡಿದರು. ಹೊರಗೆ ಕುಳಿತ ಭಕ್ತರು ಅವರೇ ಯೌವನದಲ್ಲಿ ಕಟ್ಟಿದ್ದ ಅರುಣಾಚಲ ಅಕ್ಷರಮಣಮಾಲೆ ಹಾಡತೊಡಗಿದರು. ಅವರ ಕಣ್ಣ ಅಂಚಿನಿಂದ ನೀರು ಇಳಿಯಿತು. ರಾತ್ರಿ 8 ಗಂಟೆ 47 ನಿಮಿಷಕ್ಕೆ ಒಂದು ಉಸಿರು ಬಂತು, ಮುಂದಿನದು ಬರಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ಮಧುರೈಯ ಮಹಡಿಯಲ್ಲಿ ಮಲಗಿ ನೋಡಿದ್ದ ಸಾವು ಅದು.

ಆ ಕೊನೆಯ ದಿನಗಳಲ್ಲಿ ಕಾಲೊತ್ತುತ್ತಿದ್ದ ಸೇವಕರ ಕಡೆ ತಿರುಗಿ, ಇಂಗ್ಲಿಷಿನವರ ಬಳಿ ಥ್ಯಾಂಕ್ಸ್ ಎಂಬ ಒಂದು ಮಾತಿದೆ, ನಾವಾದರೆ ಸಂತೋಷ ಎಂದಷ್ಟೇ ಹೇಳುತ್ತೇವೆ ಎಂದಿದ್ದರಂತೆ. ತಮಿಳಿನಲ್ಲೂ ಕನ್ನಡದಲ್ಲೂ ಅದು ಒಂದೇ ಮಾತು.